ಹೊಟ್ಟೆಗೆ ಚುಚ್ಚುವ ಮೈಗ್ರೇನ್ ಮದ್ದು ಕೆಲಸ ಮಾಡುವುದು ಎಲ್ಲಿ? ಸಿಜಿಆರ್‌ಪಿ ರಿಸೆಪ್ಟರ್‌ಗಳ ನಕ್ಷೆ ಓದುವ ಬಗೆ

ಮೈಗ್ರೇನ್‌ಗೆ ತಿಂಗಳಿಗೊಂದು ಇಂಜೆಕ್ಷನ್ ಇದೆಯಂತೆ, ಹೊಟ್ಟೆಯ ಚರ್ಮದಡಿ ಚುಚ್ಚಿಕೊಂಡರೆ ಸಾಕಂತೆ. ಬೆಂಗಳೂರಿನ ನರರೋಗ ಕ್ಲಿನಿಕ್‌ಗಳ ಕಾಯುವ ಕೋಣೆಗಳಲ್ಲಿ ಈ ಮಾತು ಈಗ ಹೊಸದೇನಲ್ಲ. ಅದರ ಬೆನ್ನಿಗೇ ಬರುವ ಸಂದೇಹವೂ ಸಹಜವಾದದ್ದೇ: ಹೊಟ್ಟೆಗೆ ಹಾಕಿದ ಮದ್ದು ತಲೆಯನ್ನು ಹೇಗೆ ಮುಟ್ಟುತ್ತದೆ, ಮೆದುಳಿಗೆ ಹೋಗಿ ಏನಾದರೂ ಎಡವಟ್ಟು ಮಾಡುತ್ತದೆಯೇ? ನಿಜ ಸಂಗತಿ ಏನೆಂದರೆ ಆ ಮದ್ದು ಮೆದುಳಿಗೆ ಹೋಗುವುದೇ ಇಲ್ಲವೆನ್ನಬಹುದು. ಅದು ಸುಮಾರು 150 ಕಿಲೋಡಾಲ್ಟನ್ ತೂಕದ ಪ್ರತಿಕಾಯ (ಆಂಟಿಬಾಡಿ), ಅಂದರೆ ಬಹಳ ದೊಡ್ಡ ಅಣು. ರಕ್ತದಲ್ಲಿ ಅದು ಎಷ್ಟಿದೆಯೋ ಅದರ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆಯನ್ನು ದಾಟುತ್ತದೆ. ಆದರೂ ಬಹಳ ಜನರಲ್ಲಿ ತಿಂಗಳಲ್ಲಿ ತಲೆನೋವು ಬರುವ ದಿನಗಳು ಕಡಿಮೆಯಾಗುತ್ತವೆ.

ಈ ಮದ್ದು ತಡೆಯುವುದು ಸಿಜಿಆರ್‌ಪಿ (ಕ್ಯಾಲ್ಸಿಟೋನಿನ್ ಜೀನ್-ರಿಲೇಟೆಡ್ ಪೆಪ್ಟೈಡ್) ಎಂಬ ಪೆಪ್ಟೈಡನ್ನು, ಅಥವಾ ಕೋಶದ ಮೇಲೆ ಅದು ಹೋಗಿ ಕೂರುವ ಜಾಗವಾದ ರಿಸೆಪ್ಟರನ್ನು. ಆ ರಿಸೆಪ್ಟರ್‌ಗಳು ಮೆದುಳಿನ ಒಳಗೂ ಧಾರಾಳವಾಗಿವೆ. ಅವು ಎಲ್ಲೆಲ್ಲಿವೆ ಎಂಬ ನಕ್ಷೆಗಳು ನಾಲ್ಕು ದಶಕಗಳಿಂದ ತಯಾರಾಗುತ್ತಲೇ ಇವೆ. ಆದರೆ ನಕ್ಷೆಯಲ್ಲಿ ಅತಿ ದಟ್ಟವಾಗಿ ಕಾಣುವ ಜಾಗವೇ ಮದ್ದು ಕೆಲಸ ಮಾಡುವ ಜಾಗ ಎಂದುಕೊಂಡರೆ ಎಡವುತ್ತೇವೆ. ಆ ಜಾಗಕ್ಕೆ ಪೆಪ್ಟೈಡ್ ತಲುಪುತ್ತದೆಯೇ, ಮದ್ದು ತಲುಪುತ್ತದೆಯೇ, ಅಲ್ಲಿ ನೋವಿನ ದಾರಿ ಹಾದುಹೋಗುತ್ತದೆಯೇ ಎಂಬುದನ್ನೂ ಜತೆಗಿಟ್ಟು ನೋಡಬೇಕು.

ನಮ್ಮ ಊರಿಗೆ ಇದು ದೂರದ ವಿಷಯವಲ್ಲ. ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಾಂತರದಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ಮಾತಾಡಿಸಿ ನಿಮ್ಹಾನ್ಸ್ ತಂಡ ನಡೆಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು 63.9 ಶೇಕಡಾ, ಮೈಗ್ರೇನ್ ಇದ್ದವರು 25.2 ಶೇಕಡಾ. ನಾಲ್ವರಲ್ಲಿ ಒಬ್ಬರು. ಇವರಲ್ಲಿ ಬಹುಪಾಲು ಜನ ನರರೋಗ ತಜ್ಞರ ಮುಖ ನೋಡುವುದಿಲ್ಲ. ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ತಗೊಂಡು ಕೆಲಸಕ್ಕೆ ಹೋಗುತ್ತಾರೆ.

ಪೆಪ್ಟೈಡ್ ಯಾವುದು

ಸಿಜಿಆರ್‌ಪಿ 37 ಅಮೈನೊ ಆಮ್ಲಗಳ ಸಣ್ಣ ಸರಪಳಿ. ಕ್ಯಾಲ್ಸಿಟೋನಿನ್ ಹಾರ್ಮೋನಿನ ಜೀನ್ ಥೈರಾಯ್ಡಿನಲ್ಲಿ ಒಂದು ಪ್ರೊಟೀನನ್ನೂ ನರಕೋಶದಲ್ಲಿ ಇನ್ನೊಂದನ್ನೂ ತಯಾರಿಸುತ್ತದೆ ಎಂದು 1982ರಲ್ಲಿ ಗೊತ್ತಾದಾಗ ಇದರ ಇರವು ಹೊರಬಿತ್ತು. ನೋವಿನ ಸುದ್ದಿ ಒಯ್ಯುವ ನರಗಳ ತುದಿಯಲ್ಲಿ ಇದು ತುಂಬಿರುತ್ತದೆ. 1985ರಲ್ಲಿ ಇದನ್ನು ಚರ್ಮಕ್ಕೆ ಫೆಮ್ಟೊಮೋಲ್ ಪ್ರಮಾಣದಲ್ಲಿ, ಅಂದರೆ ಒಂದು ಮೋಲಿನ ಸಾವಿರ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಚುಚ್ಚಿದರೂ ಗಂಟೆಗಟ್ಟಲೆ ಕೆಂಪಾಗುತ್ತದೆ ಎಂದು ತೋರಿಸಿದರು. ರಕ್ತನಾಳವನ್ನು ಹಿಗ್ಗಿಸುವ ವಸ್ತುಗಳಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನ. 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ಮೈಗ್ರೇನ್ ಹೊತ್ತಿನಲ್ಲಿ ಕತ್ತಿನ ಹೊರ ಜುಗುಲರ್ ರಕ್ತನಾಳದ ರಕ್ತದಲ್ಲಿ ಸಿಜಿಆರ್‌ಪಿ ಏರಿರುವುದನ್ನು ವರದಿ ಮಾಡಿದರು. 2002ರಲ್ಲಿ ಡೆನ್ಮಾರ್ಕಿನ ತಂಡ ಮೈಗ್ರೇನ್ ಇರುವವರ ರಕ್ತಕ್ಕೆ ಇದನ್ನು 20 ನಿಮಿಷ ಹನಿಸಿ, ಕೆಲ ಗಂಟೆಗಳಲ್ಲೇ ಮೈಗ್ರೇನ್‌ನಂಥದೇ ನೋವು ಬರಿಸಿತು. ಇಂಥ ಪ್ರಯೋಗಗಳಲ್ಲಿ ಸುಮಾರು ಮೂರನೇ ಎರಡು ಪಾಲು ಜನರಿಗೆ ನೋವು ಬರುತ್ತದೆ. ಈ ಕೆಲಸಕ್ಕಾಗಿ ಎಡ್ವಿನ್ಸನ್, ಗೋಡ್ಸ್‌ಬಿ, ಮೈಕಲ್ ಮಾಸ್ಕೊವಿಟ್ಸ್ ಮತ್ತು ಯೆಸ್ ಓಲೆಸೆನ್ ಅವರಿಗೆ 2021ರ ಬ್ರೇನ್ ಪ್ರೈಜ್ ಸಂದಿತು.

ರಕ್ತಕ್ಕೆ ಹನಿಸಿದ ಪೆಪ್ಟೈಡ್ ನಿಮಿಷಗಳಲ್ಲೇ ಅರ್ಧಕ್ಕೆ ಇಳಿದುಬಿಡುತ್ತದೆ, ತಡೆಗೋಡೆ ದಾಟಿ ಒಳಗೆ ಹೋಗುವುದೂ ಅತ್ಯಲ್ಪ. ಹಾಗಿದ್ದೂ ಮೈಗ್ರೇನ್ ಬಂತು. ನೋವು ಶುರುವಾಗುವ ಜಾಗ ತಡೆಗೋಡೆಯ ಹೊರಗಿದೆ ಎಂಬ ಮೊದಲ ಬಲವಾದ ಸುಳಿವು ಅಲ್ಲಿತ್ತು.

ಎರಡು ತುಂಡು ಸೇರಿದರೆ ಒಂದು ರಿಸೆಪ್ಟರ್

ಸಿಜಿಆರ್‌ಪಿ ರಿಸೆಪ್ಟರ್ ಒಂಟಿ ಪ್ರೊಟೀನ್ ಅಲ್ಲ. ನಕ್ಷೆ ಬರೆಯುವವರ ತಲೆನೋವಿಗೆ ಮೂಲ ಇದೇ. ಕೋಶದ ಪೊರೆಯನ್ನು ಏಳು ಬಾರಿ ಹಾದುಹೋಗುವ ಸಿಎಲ್‌ಆರ್ ಎಂಬ ಪ್ರೊಟೀನ್ ಒಂದು ಕಡೆ, ಪೊರೆಯನ್ನು ಒಮ್ಮೆ ಮಾತ್ರ ಹಾದುಹೋಗುವ 148 ಅಮೈನೊ ಆಮ್ಲಗಳ ರ‍್ಯಾಂಪ್-1 ಇನ್ನೊಂದು ಕಡೆ. ಎರಡೂ ಜೋಡಿಯಾದರೆ ಮಾತ್ರ ಸಿಜಿಆರ್‌ಪಿ ಸರಿಯಾಗಿ ಕೂರುತ್ತದೆ. ಇದು ಗೊತ್ತಾದದ್ದು 1998ರಲ್ಲಿ. ಅದೇ ಸಿಎಲ್‌ಆರ್ ಜತೆ ರ‍್ಯಾಂಪ್-2 ಅಥವಾ ರ‍್ಯಾಂಪ್-3 ಸೇರಿದರೆ ಅದು ಅಡ್ರಿನೋಮೆಡ್ಯುಲಿನ್ ಎಂಬ ಬೇರೆ ಪೆಪ್ಟೈಡಿನ ರಿಸೆಪ್ಟರ್ ಆಗುತ್ತದೆ. ಅದೇ ರ‍್ಯಾಂಪ್-1 ಕ್ಯಾಲ್ಸಿಟೋನಿನ್ ರಿಸೆಪ್ಟರ್ ಜತೆ ಸೇರಿದರೆ ಎಎಂವೈ-1 ಎಂಬ ಜೋಡಿ ಹುಟ್ಟುತ್ತದೆ. ಅದು ಅಮೈಲಿನ್ ರಿಸೆಪ್ಟರ್ ಎಂದು ಹೆಸರಾದರೂ ಸಿಜಿಆರ್‌ಪಿಗೂ ಅಷ್ಟೇ ಚೆನ್ನಾಗಿ ಸ್ಪಂದಿಸುತ್ತದೆ.

ಹಾಗಾಗಿ ಒಂದು ಜಾಗದಲ್ಲಿ ಸಿಎಲ್‌ಆರ್ ಕಂಡಿತು ಎಂದ ಮಾತ್ರಕ್ಕೆ ಅಲ್ಲಿ ಸಿಜಿಆರ್‌ಪಿ ರಿಸೆಪ್ಟರ್ ಇದೆ ಎನ್ನಲಾಗದು. ರ‍್ಯಾಂಪ್-1 ಮಾತ್ರ ಕಂಡರೂ ಅಷ್ಟೇ. ಎರಡೂ ಒಂದೇ ಕೋಶದಲ್ಲಿ, ಒಂದೇ ಪೊರೆಯಲ್ಲಿ ಇವೆಯೇ ಎಂದು ನೋಡಬೇಕು. ಹಳೆಯ ಎಷ್ಟೋ ಚಿತ್ರಗಳು ಈ ಕಟ್ಟುನಿಟ್ಟಿಗೆ ನಿಲ್ಲುವುದಿಲ್ಲ.

ನಕ್ಷೆ ಹೇಗೆ ತಯಾರಾಗುತ್ತದೆ, ಎಲ್ಲಿ ಕೆಡುತ್ತದೆ

ಹಳೆಯ, ಇಂದಿಗೂ ನಂಬಿಕೆಯ ವಿಧಾನ ಆಟೋರೇಡಿಯೋಗ್ರಫಿ. ಮರಣಾನಂತರ ತೆಗೆದ ಮೆದುಳಿನ ತುಂಡನ್ನು ಫಾರ್ಮಲಿನ್‌ಗೆ ಹಾಕದೆ ಹಸಿಯಾಗಿಯೇ ಹೆಪ್ಪುಗಟ್ಟಿಸಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಕ್ರಯೋಸ್ಟಾಟ್ ಯಂತ್ರದಲ್ಲಿ ಸುಮಾರು 20 ಮೈಕ್ರಾನ್ ದಪ್ಪದ ಹಾಳೆಗಳಾಗಿ ಕತ್ತರಿಸಿ ಗಾಜಿನ ಸ್ಲೈಡಿಗೆ ಅಂಟಿಸುತ್ತಾರೆ. ಮೊದಲು ಬರೀ ಬಫರ್ ದ್ರಾವಣದಲ್ಲಿ ನೆನೆಸಿ ತುಂಡಿನಲ್ಲೇ ಉಳಿದ ಪೆಪ್ಟೈಡನ್ನು ತೊಳೆದುಹಾಕಬೇಕು. ಆಮೇಲೆ ವಿಕಿರಣ ಅಯೋಡಿನ್-125 ಅಂಟಿಸಿದ ಸಿಜಿಆರ್‌ಪಿಯನ್ನೋ ಟ್ರಿಟಿಯಂ ಅಂಟಿಸಿದ ಮದ್ದನ್ನೋ ಬಹಳ ತೆಳುವಾದ ದ್ರಾವಣದಲ್ಲಿ ಹಾಕಿ, ಹೊತ್ತು ಲೆಕ್ಕವಿಟ್ಟು, ಮಂಜಿನಷ್ಟು ತಣ್ಣಗಿನ ಬಫರಿನಲ್ಲಿ ಬೇಗ ಬೇಗ ತೊಳೆದು ಒಣಗಿಸಿ ಫಿಲ್ಮಿನ ಮೇಲಿಡುತ್ತಾರೆ. ಅಯೋಡಿನ್ ಆದರೆ ಕೆಲವು ದಿನ, ಟ್ರಿಟಿಯಂ ಆದರೆ ವಾರಗಟ್ಟಲೆ. ಪಕ್ಕದ ಹಾಳೆಗೆ ಇದೆಲ್ಲದರ ಜತೆ ವಿಕಿರಣವಿಲ್ಲದ ಮದ್ದನ್ನು ಒಂದು ಮೈಕ್ರೋಮೋಲಾರ್‌ನಷ್ಟು ಹೆಚ್ಚಾಗಿ ಸುರಿಯುತ್ತಾರೆ. ಆ ಹಾಳೆಯಲ್ಲೂ ಕಪ್ಪಗೆ ಕಂಡದ್ದು ರಿಸೆಪ್ಟರ್ ಅಲ್ಲ, ಎಲ್ಲೆಂದರಲ್ಲಿ ಅಂಟಿದ ಕೊಳೆ. ಎರಡರ ವ್ಯತ್ಯಾಸವೇ ನಿಜವಾದ ಲೆಕ್ಕ.

ಕೆಡುವ ಕಡೆಗಳು ಹಲವು. ಸಾವಿಗೂ ಹೆಪ್ಪುಗಟ್ಟಿಸುವುದಕ್ಕೂ ನಡುವೆ ಗಂಟೆಗಳು ಕಳೆದಷ್ಟೂ ಪ್ರೊಟೀನ್ ಮತ್ತು ಆರ್‌ಎನ್‌ಎ ಹಾಳಾಗುತ್ತವೆ. ತೊಳೆಯುವುದು ಅತಿಯಾದರೆ ನಿಜವಾಗಿ ಕೂತಿದ್ದೂ ಹೊರಟುಹೋಗುತ್ತದೆ, ಕಡಿಮೆಯಾದರೆ ಕೊಳೆ ಉಳಿಯುತ್ತದೆ. ಪೆಪ್ಟೈಡನ್ನೇ ವಿಕಿರಣ ಗುರುತಾಗಿ ಬಳಸಿದರೆ ಅದು ಎಎಂವೈ-1 ಮೇಲೂ ಕೂರುವುದರಿಂದ ಎರಡು ರಿಸೆಪ್ಟರ್‌ಗಳು ಒಂದೇ ಕಪ್ಪು ಮಚ್ಚೆಯಾಗಿ ಕಲಸಿಕೊಳ್ಳುತ್ತವೆ. ಪ್ರತಿಕಾಯ ಬಳಸಿ ಬಣ್ಣ ಹಚ್ಚುವ ವಿಧಾನದಲ್ಲಿ ಕೋಶವನ್ನೇ ಗುರುತಿಸಬಹುದು, ಆದರೆ ಈ ಜಾತಿಯ ರಿಸೆಪ್ಟರ್‌ಗಳಿಗೆ ಮಾರುಕಟ್ಟೆಯಲ್ಲಿ ಸಿಗುವ ಪ್ರತಿಕಾಯಗಳು ಬೇರೆ ಪ್ರೊಟೀನಿಗೂ ಅಂಟುವುದುಂಟು. ಆ ಜೀನ್ ಇಲ್ಲದ ಕೋಶದಲ್ಲಿ ಪರೀಕ್ಷಿಸಿ ತೋರಿಸದ ಬಣ್ಣದ ಚಿತ್ರವನ್ನು ಎಚ್ಚರಿಕೆಯಿಂದಲೇ ನೋಡಬೇಕು. ಆರ್‌ಎನ್‌ಎ ಹುಡುಕುವ ವಿಧಾನಕ್ಕೆ ಇನ್ನೊಂದು ಮಿತಿ: ಆರ್‌ಎನ್‌ಎ ಇರುವುದು ಕೋಶದ ಒಡಲಲ್ಲಿ, ರಿಸೆಪ್ಟರ್ ಇರುವುದು ಅಲ್ಲಿಂದ ಬಹುದೂರ ಚಾಚಿದ ನರತಂತುವಿನ ತುದಿಯಲ್ಲಿ ಇರಬಹುದು.

ಪ್ರಾಣಿ ಯಾವುದು ಎಂಬುದು ಇವೆಲ್ಲಕ್ಕಿಂತ ಮುಖ್ಯ. ಸಿಜಿಆರ್‌ಪಿ ರಿಸೆಪ್ಟರನ್ನು ಮುಚ್ಚುವ ಓಲ್ಸೆಜೆಪ್ಯಾಂಟ್ ಎಂಬ ಮೊದಲ ತಲೆಮಾರಿನ ಮದ್ದು ಇಲಿಯ ರಿಸೆಪ್ಟರಿಗಿಂತ ಮನುಷ್ಯರ ರಿಸೆಪ್ಟರಿಗೆ ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಕಾರಣ ರ‍್ಯಾಂಪ್-1ರ 74ನೇ ಸ್ಥಾನದಲ್ಲಿ ನಮ್ಮಲ್ಲಿ ಟ್ರಿಪ್ಟೊಫ್ಯಾನ್ ಇದೆ, ಇಲಿಯಲ್ಲಿ ಲೈಸಿನ್ ಇದೆ. ಒಂದೇ ಒಂದು ಅಮೈನೊ ಆಮ್ಲ! ಇಲಿಯ ನಕ್ಷೆ ಹಿಡಿದು ಮನುಷ್ಯರಿಗೆ ಡೋಸ್ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಮನುಷ್ಯರ ಮೆದುಳಿನ ಮಾದರಿಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸುವ ನಿಮ್ಹಾನ್ಸ್‌ನ ಬ್ರೇನ್ ಬ್ಯಾಂಕಿನಂಥ ಸಂಸ್ಥೆಗಳ ಬೆಲೆ ಇಲ್ಲಿ ಕಾಣುತ್ತದೆ. ದುಃಖದ ಗಳಿಗೆಯಲ್ಲೂ ಮೆದುಳು ದಾನಕ್ಕೆ ಒಪ್ಪುವ ಕುಟುಂಬಗಳಿಲ್ಲದೆ ಇಂಥ ಪ್ರಶ್ನೆಗಳಿಗೆ ಉತ್ತರ ಸಿಗದು.

ಜೀವಂತ ಮನುಷ್ಯರಲ್ಲಿ ರಿಸೆಪ್ಟರ್ ನೋಡಲು ಪೆಟ್ ಸ್ಕ್ಯಾನ್ ಇದೆ. ಸಿಜಿಆರ್‌ಪಿ ರಿಸೆಪ್ಟರಿಗೆ ಬಳಸಿದ ಗುರುತುದ್ರವ್ಯದಲ್ಲಿ ಕಾರ್ಬನ್-11 ಇತ್ತು. ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಮತ್ತು ಸ್ಕ್ಯಾನರ್ ಒಂದೇ ಆವರಣದಲ್ಲಿ ಇರಲೇಬೇಕು. ಹೊಸೂರು ರಸ್ತೆಯ ಒಂದು ಆಸ್ಪತ್ರೆಯಿಂದ ಹೆಬ್ಬಾಳಕ್ಕೆ ಒಯ್ಯುವಷ್ಟರಲ್ಲಿ ಅದರ ಬಹುಪಾಲು ಕಳೆದುಹೋಗಿರುತ್ತದೆ.

ನಕ್ಷೆಯಲ್ಲಿ ಏನೇನಿದೆ

ಮನುಷ್ಯ ಮತ್ತು ಮಂಗಗಳ ನಕ್ಷೆಯಲ್ಲಿ ಎದ್ದು ಕಾಣುವುದು ಅನುಮಸ್ತಿಷ್ಕ, ತಲೆಯ ಹಿಂಬದಿ ಕೆಳಗಿರುವ, ಮೈಯ ಸಮತೋಲನ ನೋಡಿಕೊಳ್ಳುವ ಭಾಗ. ಅದರ ದೊಡ್ಡ ಪರ್ಕಿಂಜೆ ಕೋಶಗಳಲ್ಲಿ ರಿಸೆಪ್ಟರಿನ ಎರಡೂ ತುಂಡುಗಳಿವೆ. ಮೆದುಳಿನ ಕಾಂಡದಲ್ಲಿ ಚಿತ್ರ ಇನ್ನಷ್ಟು ವಿವರವಾಗಿದೆ. ರೀಸಸ್ ಮಂಗದ ಮೆದುಳಿನ ಕಾಂಡದ ಬಗ್ಗೆ 2016ರಲ್ಲಿ ಬಂದ ಅಧ್ಯಯನ ಮೂರು ವಿಧಾನಗಳನ್ನೂ ಒಟ್ಟಿಗೆ ಬಳಸಿತು. ನೋವನ್ನು ಏರಿಳಿಸುವ ಪೆರಿಆಕ್ವಿಡಕ್ಟಲ್ ಗ್ರೇ, ಮುಖದ ನೋವಿನ ಸುದ್ದಿ ಬಂದು ಸೇರುವ ಸ್ಪೈನಲ್ ಟ್ರೈಜೆಮಿನಲ್ ನ್ಯೂಕ್ಲಿಯಸ್, ವಾಂತಿಗೆ ಸಂಬಂಧಿಸಿದ ಏರಿಯಾ ಪೋಸ್ಟ್ರೀಮಾ, ಹೈಪೊಥಾಲಮಸ್ ಬುಡದ ಮೀಡಿಯನ್ ಎಮಿನೆನ್ಸ್, ಪೀನಿಯಲ್ ಗ್ರಂಥಿ ಇಲ್ಲೆಲ್ಲ ಎರಡೂ ತುಂಡುಗಳು ಸಿಕ್ಕವು.

ಈ ಪಟ್ಟಿಯಲ್ಲಿ ಏರಿಯಾ ಪೋಸ್ಟ್ರೀಮಾ, ಮೀಡಿಯನ್ ಎಮಿನೆನ್ಸ್, ಪೀನಿಯಲ್ ಇವು ಮೆದುಳಿಗೆ ಸೇರಿದವೇ ಆದರೂ ಅಲ್ಲಿ ತಡೆಗೋಡೆ ಇಲ್ಲ. ರಕ್ತದಲ್ಲಿ ಹರಿಯುವ ದೊಡ್ಡ ಅಣುಗಳೂ ಅಲ್ಲಿಗೆ ತಲುಪಬಲ್ಲವು. ನಾಲ್ಕನೇ ಕುಹರದ ನೆಲದ ಮೇಲಿರುವ ಏರಿಯಾ ಪೋಸ್ಟ್ರೀಮಾ ಕೆಲವೇ ಮಿಲಿಮೀಟರ್ ಉದ್ದದ್ದು. ಮೈಗ್ರೇನಿನ ವಾಕರಿಕೆಗೆ ಅದು ಒಂದು ನಿಲ್ದಾಣವಾಗಿರುವ ಸಾಧ್ಯತೆ ಇದೆ. ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರಿಗೂ ತೆರೆದಿರುವ ಮೆದುಳಿನ ಮ್ಯೂಸಿಯಂ ಇದೆ. ಅನುಮಸ್ತಿಷ್ಕ ಎಷ್ಟು ದೊಡ್ಡದು, ಅದರ ಮುಂದಿರುವ ಕಾಂಡ ಎಷ್ಟು ಸಪೂರ ಎಂಬುದು ಪುಸ್ತಕದ ಚಿತ್ರಕ್ಕಿಂತ ಅಲ್ಲಿ ಚೆನ್ನಾಗಿ ಅರಿವಾಗುತ್ತದೆ.

ಈಗ ತಡೆಗೋಡೆಯ ಹೊರಗೆ ಬರೋಣ, ಮದ್ದಿನ ಮಟ್ಟಿಗೆ ಹೆಚ್ಚು ಸಂಗತಿ ಇರುವುದು ಇಲ್ಲೇ. ಮೆದುಳಿನ ಅಂಗಾಂಶಕ್ಕೆ ನೋವು ಗೊತ್ತಾಗುವುದಿಲ್ಲ. ಅದನ್ನು ಹೊದೆದಿರುವ ಡ್ಯೂರಾ ಪೊರೆಗೂ ಅದರ ರಕ್ತನಾಳಗಳಿಗೂ ಗೊತ್ತಾಗುತ್ತದೆ. ಅಲ್ಲಿಂದ ಸುದ್ದಿ ತರುವ ನರಕೋಶಗಳು ತಲೆಬುರುಡೆಯ ತಳದಲ್ಲಿ, ಎಡಬಲಕ್ಕೊಂದರಂತೆ ಇರುವ ಟ್ರೈಜೆಮಿನಲ್ ಗ್ಯಾಂಗ್ಲಿಯನ್ ಎಂಬ ಗಂಟಿನಲ್ಲಿವೆ. ಡ್ಯೂರಾ ಮತ್ತು ಈ ಗಂಟು ಎರಡಕ್ಕೂ ತಡೆಗೋಡೆಯ ರಕ್ಷಣೆ ಇಲ್ಲ.

ಮನುಷ್ಯರ ಗಂಟನ್ನು ನೋಡಿದ 2010ರ ಸ್ವೀಡನ್ ಅಧ್ಯಯನ ಒಂದು ಮುಖ್ಯ ವಿಂಗಡಣೆ ತೋರಿಸಿತು. ಸಿಜಿಆರ್‌ಪಿ ಇಟ್ಟುಕೊಂಡಿರುವ ಕೋಶಗಳು ಒಟ್ಟಿನಲ್ಲಿ ಅರ್ಧದಷ್ಟು, ಬಹುತೇಕ ಸಣ್ಣ ಮತ್ತು ಮಧ್ಯಮ ಗಾತ್ರದವು. ರಿಸೆಪ್ಟರ್ ಇರುವವು ಮೂರನೇ ಒಂದಕ್ಕಿಂತ ತುಸು ಹೆಚ್ಚು, ಬಹುತೇಕ ದೊಡ್ಡ ಗಾತ್ರದವು. ಎರಡೂ ಒಂದೇ ಕೋಶದಲ್ಲಿ ಇರುವುದು ಕಡಿಮೆ. ಅಂದರೆ ತೆಳ್ಳಗಿನ, ಮಯಲಿನ್ ಹೊದಿಕೆಯಿಲ್ಲದ ಸಿ ತಂತುಗಳು ಸಿಜಿಆರ್‌ಪಿ ಬಿಡುಗಡೆ ಮಾಡುತ್ತವೆ, ಅಕ್ಕಪಕ್ಕದ ತೆಳು ಮಯಲಿನ್ ಇರುವ ಎ-ಡೆಲ್ಟಾ ತಂತುಗಳು ಅದನ್ನು ಹಿಡಿಯುತ್ತವೆ. ನರಕೋಶಗಳನ್ನು ಸುತ್ತುವರಿದ ಉಪಗ್ರಹ ಗ್ಲಿಯಾ ಕೋಶಗಳಲ್ಲಿ, ತಂತುಗಳಿಗೆ ಹೊದಿಕೆ ಹಾಕುವ ಶ್ವಾನ್ ಕೋಶಗಳಲ್ಲಿ, ಡ್ಯೂರಾದ ಅಪಧಮನಿಗಳ ಸ್ನಾಯುಗಳಲ್ಲಿ ಕೂಡ ರಿಸೆಪ್ಟರ್ ಇದೆ.

ಇದೇ ವಿಂಗಡಣೆ ಮುಂದೆ ಪ್ರಯೋಗದಲ್ಲಿ ನಿಜವಾಯಿತು. ಸಿಜಿಆರ್‌ಪಿಯನ್ನು ಹಿಡಿಯುವ ಫ್ರೆಮಾನೆಜುಮ್ಯಾಬ್ ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಡ್ಯೂರಾದ ಎ-ಡೆಲ್ಟಾ ತಂತುಗಳ ಉದ್ರೇಕ ತಗ್ಗಿತು, ಸಿ ತಂತುಗಳದು ತಗ್ಗಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಮೈಗ್ರೇನ್‌ಗೆ ಬಳಸುವ ಇನ್ನೊಂದು ಮದ್ದು ಬೋಟುಲಿನಂ ಟಾಕ್ಸಿನ್ (ಬೊಟಾಕ್ಸ್) ಇದಕ್ಕೆ ತಿರುವುಮುರುವು, ಮುಖ್ಯವಾಗಿ ಸಿ ತಂತುಗಳ ಮೇಲೆ ಕೆಲಸ ಮಾಡುತ್ತದೆ. ದೀರ್ಘಕಾಲಿಕ ಮೈಗ್ರೇನ್‌ನಲ್ಲಿ ಒಂದು ಸಾಲದಿದ್ದಾಗ ಕೆಲ ತಜ್ಞರು ಎರಡನ್ನೂ ಒಟ್ಟಿಗೆ ಯೋಚಿಸುವುದಕ್ಕೆ ಆಧಾರ ಇಲ್ಲಿದೆ.

ದಟ್ಟಣೆ ನೋಡಿ ಮೋಸ ಹೋಗಬಾರದು

ಅನುಮಸ್ತಿಷ್ಕದಲ್ಲಿ ಅಷ್ಟು ದಟ್ಟವಾಗಿ ರಿಸೆಪ್ಟರ್ ಇದ್ದರೆ ಮದ್ದು ಅಲ್ಲೇ ಕೆಲಸ ಮಾಡುತ್ತಿರಬೇಕಲ್ಲವೇ? ಬಸ್ ಸ್ಟಾಪ್ ಇರುವಲ್ಲೆಲ್ಲ ಬಸ್ ನಿಲ್ಲುತ್ತದೆ ಎಂದು ನಂಬಿದ ಹಾಗಾಗುತ್ತದೆ. ಇದನ್ನು ನೇರವಾಗಿ ಅಳೆದದ್ದು 2013ರಲ್ಲಿ ಪ್ರಕಟವಾದ ಪೆಟ್ ಅಧ್ಯಯನ. ಓಲ್ಸೆಜೆಪ್ಯಾಂಟ್‌ನಂತೆಯೇ ರಿಸೆಪ್ಟರನ್ನು ಮುಚ್ಚುವ ಟೆಲ್ಕಾಜೆಪ್ಯಾಂಟ್ ಮಾತ್ರೆಯನ್ನು ಮೈಗ್ರೇನ್ ತಗ್ಗಿಸುವ ಪ್ರಮಾಣದಲ್ಲಿ, 140 ಮಿಲಿಗ್ರಾಂ, ಕೊಟ್ಟಾಗ ಮೆದುಳಿನ ಒಳಗಿನ ರಿಸೆಪ್ಟರ್‌ಗಳಲ್ಲಿ 4ರಿಂದ 10 ಶೇಕಡಾ ಮಾತ್ರ ತುಂಬಿದ್ದವು. ಡೋಸನ್ನು ಎಂಟು ಪಟ್ಟು, 1,120 ಮಿಲಿಗ್ರಾಂಗೆ ಏರಿಸಿದಾಗ ಅದು 43ರಿಂದ 58 ಶೇಕಡಾಕ್ಕೆ ಏರಿತು. ನೋವು ತಗ್ಗಿಸಲು ಮೆದುಳಿನ ಒಳಗೆ ಅಷ್ಟು ಹೋಗುವ ಅಗತ್ಯವೇ ಇರಲಿಲ್ಲ. (ಟೆಲ್ಕಾಜೆಪ್ಯಾಂಟ್ ಪೇಟೆಗೆ ಬರಲಿಲ್ಲ. ಕೆಲವರಲ್ಲಿ ಲಿವರ್ ಕಿಣ್ವಗಳು ಏರಿದ್ದರಿಂದ 2011ರಲ್ಲಿ ಅದನ್ನು ಕೈಬಿಟ್ಟರು.)

ಆದರೂ ಎಲ್ಲವೂ ಹೊರಗೇ ನಡೆಯುತ್ತದೆ ಎಂದು ಗೆರೆ ಎಳೆಯುವುದು ಅವಸರದ ಮಾತು. 2023ರ ಒಂದು ಪ್ರಯೋಗದಲ್ಲಿ ನೋವು ಬರುವ 1ರಿಂದ 6 ಗಂಟೆ ಮುಂಚೆ, ಆಕಳಿಕೆ, ಕುತ್ತಿಗೆ ಬಿಗಿತ, ಬೆಳಕು ಸಹಿಸಲಾಗದಿರುವಿಕೆ ಶುರುವಾದ ಹಂತದಲ್ಲೇ ಅದೇ ಗುಂಪಿನ ಯುಬ್ರೋಜೆಪ್ಯಾಂಟ್ ಮಾತ್ರೆ 100 ಮಿಲಿಗ್ರಾಂ ಕೊಟ್ಟರು. ಮುಂದಿನ 24 ಗಂಟೆಯಲ್ಲಿ ಮಧ್ಯಮ ಅಥವಾ ತೀವ್ರ ನೋವು ಬಾರದೆ ಹೋದದ್ದು 46 ಶೇಕಡಾ ಸಲ, ಹುಸಿ ಮಾತ್ರೆ ತೆಗೆದುಕೊಂಡಾಗ 29 ಶೇಕಡಾ ಸಲ. ಆ ಮುನ್ಸೂಚನೆಯ ಹಂತಕ್ಕೆ ಹೈಪೊಥಾಲಮಸ್ ಕಾರಣ ಎಂಬ ಅಭಿಪ್ರಾಯ ಬಲವಾಗಿದೆ. ಒಳಗೆ ಶುರುವಾದದ್ದನ್ನು ಹೊರಗಿನ ತಂತುವಿನಲ್ಲಿ ತಡೆದರೆ ಸಾಕಾಗುತ್ತದೆಯೇ, ಅಥವಾ ತಡೆಗೋಡೆ ಇಲ್ಲದ ಆ ಸಣ್ಣ ಕಿಂಡಿಗಳಿಗೂ ಇದರಲ್ಲಿ ಪಾತ್ರವಿದೆಯೇ ಎಂಬುದು ಈ ಕ್ಷೇತ್ರದ ಜೀವಂತ ಪ್ರಶ್ನೆ.

ಒಂದೇ ಮನೆತನದ ಬೇರೆ ಪೆಪ್ಟೈಡ್‌ಗಳು

ರಕ್ತನಾಳ ಹಿಗ್ಗಿದ್ದೇ ನೋವಿಗೆ ಕಾರಣ ಎಂಬ ಹಳೆಯ ತಿಳಿವಳಿಕೆಯನ್ನು ಅಲುಗಾಡಿಸಿದ್ದು ವಿಐಪಿ. 1970ರಲ್ಲಿ ಹಂದಿಯ ಸಣ್ಣ ಕರುಳಿನಿಂದ ಬೇರ್ಪಡಿಸಿದ, 28 ಅಮೈನೊ ಆಮ್ಲಗಳ ಪೆಪ್ಟೈಡ್ ಇದು. ಮೈಗ್ರೇನ್ ಇರುವವರಿಗೆ 20 ನಿಮಿಷ ಹನಿಸಿದಾಗ ರಕ್ತನಾಳ ಹಿಗ್ಗಿತು, ಆದರೆ ಹೆಚ್ಚಿನವರಿಗೆ ಮೈಗ್ರೇನ್ ಬರಲಿಲ್ಲ. ಆದರೆ 2021ರಲ್ಲಿ ಅದನ್ನೇ ಎರಡು ಗಂಟೆ ಹನಿಸಿದಾಗ 21 ಜನರಲ್ಲಿ 15 ಮಂದಿಗೆ ಮೈಗ್ರೇನ್ ಬಂತು, ಹುಸಿ ದ್ರವಕ್ಕೆ ಒಬ್ಬರಿಗೆ. ಎಷ್ಟು ಹೊತ್ತು ರಿಸೆಪ್ಟರ್ ಎಚ್ಚರವಾಗಿದ್ದರೆ ನೋವಿನ ತಂತು ಏಳುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ವಿಐಪಿಗೆ ಎರಡು ರಿಸೆಪ್ಟರ್, ವಿಪ್ಯಾಕ್-1 ಮತ್ತು ವಿಪ್ಯಾಕ್-2. ಮೊದಲನೆಯದು ಮೆದುಳಿನ ಕಾರ್ಟೆಕ್ಸ್ ಮತ್ತು ಹಿಪೊಕ್ಯಾಂಪಸ್‌ನಲ್ಲಿ ಹೆಚ್ಚು. ಎರಡನೆಯದು ಥಾಲಮಸ್‌ನಲ್ಲಿ, ಹಗಲು ರಾತ್ರಿಯ ಲಯ ನಡೆಸುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್‌ನಲ್ಲಿ ಎದ್ದು ಕಾಣುತ್ತದೆ. ವಿಪ್ಯಾಕ್-2 ಇಲ್ಲದ ಇಲಿಗಳ ದಿನಚರಿಯೇ ಕೆಡುತ್ತದೆ. ಅದೇ ಬಳಗದ ಪಕ್ಯಾಪ್ ಪೆಪ್ಟೈಡ್ ಈ ಎರಡರ ಮೇಲೂ ಕೂರುತ್ತದೆ, ಜತೆಗೆ ಪ್ಯಾಕ್-1 ಎಂಬ ತನ್ನದೇ ರಿಸೆಪ್ಟರ್ ಮೇಲೂ ಕೂರುತ್ತದೆ. ಪ್ಯಾಕ್-1 ಒಂದನ್ನೇ ಮುಚ್ಚಿದ ಪ್ರತಿಕಾಯ ಪ್ರಯೋಗದಲ್ಲಿ ಸೋತಿತು. ಪಕ್ಯಾಪನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು 750 ಮಿಲಿಗ್ರಾಂ ಒಮ್ಮೆ ಕೊಟ್ಟಾಗ ನಾಲ್ಕು ವಾರಗಳಲ್ಲಿ ಮೈಗ್ರೇನ್ ದಿನಗಳು 6.2ರಷ್ಟು ಇಳಿದವು, ಹುಸಿ ಮದ್ದಿಗೆ 4.2ರಷ್ಟು ಎಂದು 2024ರಲ್ಲಿ ಪ್ರಕಟವಾಯಿತು. ಮೂರು ಬಾಗಿಲಿರುವಲ್ಲಿ ಒಂದನ್ನು ಮುಚ್ಚಿದರೆ ಸಾಲದು ಎಂದು ಇದನ್ನು ಓದಬಹುದು, ಆದರೆ ಎರಡೂ ಬೇರೆ ಬೇರೆ ಪ್ರಯೋಗಗಳಾದ್ದರಿಂದ ಅದು ಊಹೆಯ ಮಟ್ಟದಲ್ಲೇ ನಿಲ್ಲುತ್ತದೆ.

ಮಾತ್ರೆ, ಇಂಜೆಕ್ಷನ್, ಹೊತ್ತು

ಈ ನಕ್ಷೆಯಿಂದ ದಿನಬಳಕೆಗೆ ಸಿಗುವ ಮೊದಲ ಪಾಠ ಹೊತ್ತಿನದು. ಸುಮಾಟ್ರಿಪ್ಟಾನ್‌ನಂಥ ಟ್ರಿಪ್ಟಾನ್‌ಗಳು ಸಿಜಿಆರ್‌ಪಿ ರಿಸೆಪ್ಟರ್ ಮೇಲೆ ಕೂರುವುದಿಲ್ಲ. ನರದ ತುದಿಯಿಂದ ಸಿಜಿಆರ್‌ಪಿ ಹೊರಬೀಳುವುದನ್ನೇ ತಗ್ಗಿಸುತ್ತವೆ. ನೋವಿನ ಅಲೆ ಟ್ರೈಜೆಮಿನಲ್ ಗಂಟನ್ನು ದಾಟಿ ಮೆದುಳಿನ ಕಾಂಡದ ಕೋಶಗಳನ್ನು ಎಬ್ಬಿಸಿಬಿಟ್ಟ ಮೇಲೆ ಆ ಕೋಶಗಳು ಹೊರಗಿನ ಸುದ್ದಿಯ ಹಂಗಿಲ್ಲದೆ ಉರಿಯತೊಡಗುತ್ತವೆ. ತಲೆ ಬಾಚಲು ಆಗದಷ್ಟು, ಕನ್ನಡಕದ ಕಡ್ಡಿ ತಾಗಿದರೂ ನೋಯುವಷ್ಟು ಚರ್ಮ ಸೂಕ್ಷ್ಮವಾದರೆ ಆ ಹಂತ ಬಂದಿದೆ ಎಂದರ್ಥ. ಆಮೇಲೆ ನುಂಗಿದ ಟ್ರಿಪ್ಟಾನ್ ನೋವನ್ನು ಪೂರ್ತಿ ಇಳಿಸುವುದು ಅಪರೂಪ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ಸಿಕ್ಕಿಬಿದ್ದಾಗ ಶುರುವಾದ ನೋವಿಗೆ ಮನೆಗೆ ಹೋಗಿ ಊಟ ಮಾಡಿ ಮಾತ್ರೆ ತಗೊಳ್ಳೋಣ ಎಂದು ತಡ ಮಾಡಿದಾಗ ಆಗುವುದು ಇದೇ. ವೈದ್ಯರು ಬರೆದುಕೊಟ್ಟ ಮಾತ್ರೆ ಬ್ಯಾಗಿನಲ್ಲೇ ಇರಲಿ, ನೋವು ಸಣ್ಣದಿರುವಾಗಲೇ ನುಂಗಲಿ. ಹೃದ್ರೋಗ, ಪಾರ್ಶ್ವವಾಯು, ಹಿಡಿತಕ್ಕೆ ಸಿಗದ ಬಿಪಿ ಇದ್ದವರಿಗೆ ಟ್ರಿಪ್ಟಾನ್ ಬೇಡ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಕೆಲ ಮಿಶ್ರ ಮಾತ್ರೆಗಳಲ್ಲಿ ಎರ್ಗೊಟಮಿನ್ ಇರುತ್ತದೆ. ಅದನ್ನು ತೆಗೆದುಕೊಂಡ 24 ಗಂಟೆಯೊಳಗೆ ಟ್ರಿಪ್ಟಾನ್ ತೆಗೆದುಕೊಳ್ಳಬಾರದು, ಎರಡೂ ರಕ್ತನಾಳವನ್ನು ಬಿಗಿಯುತ್ತವೆ.

ಆದರೆ ಬೇಗ ನುಂಗಿ ಎಂಬುದನ್ನು ದಿನಾ ನುಂಗಿ ಎಂದು ತಿಳಿದರೆ ಬೇರೆ ಅನಾಹುತ. ಟ್ರಿಪ್ಟಾನ್, ಎರ್ಗೊಟಮಿನ್, ಮಿಶ್ರ ನೋವಿನ ಮಾತ್ರೆಗಳು ತಿಂಗಳಿಗೆ 10 ದಿನ, ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥವು 15 ದಿನ, ಹೀಗೆ ಮೂರು ತಿಂಗಳು ಮೀರಿದರೆ ಮಾತ್ರೆಯೇ ತಲೆನೋವು ತರಿಸಬಹುದು. ಕೆಫೀನ್ ಸೇರಿದ ಪ್ಯಾರಾಸಿಟಮಾಲ್ 10 ದಿನದ ಗುಂಪಿಗೆ ಸೇರುತ್ತದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಸಿಜಿಆರ್‌ಪಿ ರಿಸೆಪ್ಟರನ್ನು ಮುಚ್ಚುವ ಜೆಪ್ಯಾಂಟ್ ಗುಂಪಿನ ಮಾತ್ರೆಗಳಲ್ಲಿ ಈ ತೊಂದರೆ ಕಂಡುಬಂದಿಲ್ಲ, ರಕ್ತನಾಳವನ್ನೂ ಅವು ಬಿಗಿಯುವುದಿಲ್ಲ. ರಿಮೆಜೆಪ್ಯಾಂಟ್ 75 ಮಿಲಿಗ್ರಾಂ ನಾಲಿಗೆಯ ಮೇಲೆ ಕರಗುವಂಥದು, 24 ಗಂಟೆಗೆ ಒಂದೇ. ಕ್ಲಾರಿತ್ರೊಮೈಸಿನ್, ಕೀಟೊಕೊನಜೋಲ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು, ಅವು ಜೆಪ್ಯಾಂಟ್ ರಕ್ತದಲ್ಲಿ ಏರುವಂತೆ ಮಾಡುತ್ತವೆ.

ಪ್ರತಿಕಾಯ ಇಂಜೆಕ್ಷನ್ ನೋವು ಬಂದಾಗ ಹಾಕುವುದಲ್ಲ, ಬಾರದಂತೆ ತಡೆಯಲು. ಎರೆನುಮ್ಯಾಬ್ ತಿಂಗಳಿಗೆ 70 ಅಥವಾ 140 ಮಿಲಿಗ್ರಾಂ. ಫ್ರೆಮಾನೆಜುಮ್ಯಾಬ್ ತಿಂಗಳಿಗೆ 225 ಅಥವಾ ಮೂರು ತಿಂಗಳಿಗೊಮ್ಮೆ 675. ಗ್ಯಾಲ್ಕನೆಜುಮ್ಯಾಬ್ ಮೊದಲು 240, ಆಮೇಲೆ ತಿಂಗಳಿಗೆ 120. ಪ್ರೊಪ್ರನೊಲೋಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನರಿಜಿನ್ ಎಂಬ ಹಳೆಯ ಅಗ್ಗದ ಮಾತ್ರೆಗಳು ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಸಾಲ ಮಾಡಿ ಇಂಜೆಕ್ಷನ್‌ಗೆ ಹೋಗುವ ಮುಂಚೆ ಅವನ್ನು ಸರಿಯಾದ ಡೋಸಿನಲ್ಲಿ, ಕನಿಷ್ಠ ಎರಡು ತಿಂಗಳು ತೆಗೆದುಕೊಂಡು ನೋಡಿದ್ದೇವೆಯೇ ಎಂದು ಕೇಳಿಕೊಳ್ಳುವುದು ನ್ಯಾಯ.

ಇಂಜೆಕ್ಷನ್ ಪೆನ್ನನ್ನು ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿಡಬೇಕು, ಫ್ರೀಜರಿನಲ್ಲಿ ಅಲ್ಲ. ಮಂಜುಗಟ್ಟಿದರೆ ಪ್ರೊಟೀನ್ ಕೆಡುತ್ತದೆ, ಎಸೆಯಬೇಕು. ಚುಚ್ಚುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಟ್ಟು ತಾನಾಗಿ ತಣಿವು ಬಿಡಲು ಬಿಡಿ, ಬಿಸಿನೀರಲ್ಲಿ ಅದ್ದಬೇಡಿ, ಕುಲುಕಬೇಡಿ. ಕೊರಿಯರಿನಲ್ಲಿ ತರಿಸಿಕೊಂಡರೆ ಐಸ್ ಪ್ಯಾಕ್ ಇನ್ನೂ ತಣ್ಣಗಿದೆಯೇ ನೋಡಿ ತೆಗೆದುಕೊಳ್ಳಿ.

ಅಡ್ಡ ಪರಿಣಾಮಗಳಿಗೂ ರಿಸೆಪ್ಟರ್ ಇರುವ ಜಾಗವೇ ಕಾರಣ. ಕರುಳಿನ ನರಗಳಲ್ಲೂ ಸಿಜಿಆರ್‌ಪಿ ತುಂಬಾ ಇದೆ. ಹಾಗಾಗಿ ಎರೆನುಮ್ಯಾಬ್‌ನಲ್ಲಿ ಮಲಬದ್ಧತೆ ಸಾಮಾನ್ಯ, ಕೆಲವರಿಗೆ ಆಸ್ಪತ್ರೆ ಸೇರುವಷ್ಟು. ಅಮಿಟ್ರಿಪ್ಟಿಲಿನ್ ಜತೆಗಿದ್ದರೆ ಅದೂ ಮಲ ಕಟ್ಟಿಸುತ್ತದೆ. ರಕ್ತನಾಳ ಹಿಗ್ಗಿಸುವ ವಸ್ತುವನ್ನು ತಡೆದದ್ದರಿಂದ ಬಿಪಿ ಏರಬಹುದು, ಚಳಿಯಲ್ಲಿ ಬೆರಳು ಬಿಳಿಚಿ ನೋಯುವ ತೊಂದರೆ ಹೆಚ್ಚಬಹುದು. ಮೊದಲ ಡೋಸಿಗೆ ಮುಂಚೆ ಬಿಪಿ ಬರೆದಿಟ್ಟು, ಆಮೇಲೆ ಪ್ರತಿ ತಿಂಗಳೂ ನೋಡಬೇಕು. ಎರೆನುಮ್ಯಾಬ್ ಅರ್ಧಕ್ಕಿಳಿಯಲು ಸುಮಾರು 28 ದಿನ ಬೇಕು. ಮಗು ಬೇಕು ಎಂದುಕೊಂಡಿರುವವರು ಐದಾರು ತಿಂಗಳು ಮುಂಚೆಯೇ ನಿಲ್ಲಿಸುವ ವಿಷಯ ವೈದ್ಯರ ಜತೆ ಮಾತಾಡಬೇಕು.

ಫಲ ಅಳೆಯಲು ನೆನಪನ್ನು ನಂಬಬಾರದು. ಶುರು ಮಾಡುವ ಮುಂಚಿನ ಒಂದು ತಿಂಗಳು ಕ್ಯಾಲೆಂಡರಿನಲ್ಲಿ ನೋವಿನ ದಿನ, ಮಾತ್ರೆ ನುಂಗಿದ ದಿನ ಗುರುತು ಹಾಕಬೇಕು. ತಿಂಗಳ ಇಂಜೆಕ್ಷನ್ ಆದರೆ ಮೂರು ತಿಂಗಳಿಗೆ, ಮೂರು ತಿಂಗಳಿನದಾದರೆ ಆರು ತಿಂಗಳಿಗೆ ಹೋಲಿಸಿ ನೋಡಬೇಕು. ದೀರ್ಘಕಾಲಿಕ ಮೈಗ್ರೇನ್‌ನಲ್ಲಿ ನೋವಿನ ದಿನಗಳು 30 ಶೇಕಡಾವಾದರೂ, ಉಳಿದವರಲ್ಲಿ ಅರ್ಧಕ್ಕಾದರೂ ಇಳಿದಿರದಿದ್ದರೆ ಅದನ್ನೇ ಮುಂದುವರಿಸುವುದಕ್ಕೆ ಅರ್ಥವಿಲ್ಲ. ಹಾಗೆಂದು ಇಡೀ ಗುಂಪನ್ನೇ ಬಿಟ್ಟುಬಿಡಬೇಕಿಲ್ಲ. ಎರೆನುಮ್ಯಾಬ್ ಮುಚ್ಚುವುದು ಸಿಎಲ್‌ಆರ್ ಮತ್ತು ರ‍್ಯಾಂಪ್-1 ಜೋಡಿಯ ರಿಸೆಪ್ಟರನ್ನು. ಉಳಿದ ಪ್ರತಿಕಾಯಗಳು ಹಿಡಿಯುವುದು ಸಿಜಿಆರ್‌ಪಿಯನ್ನೇ, ಹಾಗಾಗಿ ಎಎಂವೈ-1 ಕಡೆಗೆ ಹೋಗುವ ಪೆಪ್ಟೈಡೂ ಕಡಿಮೆಯಾಗುತ್ತದೆ. ಒಂದರಲ್ಲಿ ಫಲ ಕಾಣದ ಕೆಲವರಿಗೆ ಇನ್ನೊಂದರಲ್ಲಿ ಕಂಡದ್ದುಂಟು. ಬದಲಿಸುವ ಮಾತು ಬಂದಾಗ ಈಗಿರುವುದು ಯಾವ ಬಗೆಯದು, ಮುಂದೆ ಹಾಕುವುದು ಯಾವ ಬಗೆಯದು ಎಂದು ವೈದ್ಯರನ್ನು ನೇರವಾಗಿ ಕೇಳಿ, ಉತ್ತರವನ್ನು ಕ್ಯಾಲೆಂಡರಿನ ಅದೇ ಪುಟದಲ್ಲಿ ಬರೆದಿಟ್ಟುಕೊಳ್ಳಿ.